ಮೂಗಿಗಿಂತ ಮೂಗುತಿ ಭಾರ: ತಂತಿಯಿಲ್ಲದ ಡ್ರಿಲ್ಲಿನ ಬ್ಯಾಟರಿ ನಡೆದು ಬಂದ ದಾರಿ

ಮುಂಬಯಿಯ ನಾಗದೇವಿ ಸ್ಟ್ರೀಟಿನಲ್ಲಾಗಲಿ, ಬೆಂಗಳೂರಿನ ಎಸ್.ಜೆ.ಪಿ. ರಸ್ತೆಯಲ್ಲಾಗಲಿ, ತಂತಿಯಿಲ್ಲದ, ಎಂದರೆ ಬ್ಯಾಟರಿಯಿಂದ ನಡೆಯುವ ಡ್ರಿಲ್ಲಿನ ಬೆಲೆ ಎಷ್ಟೆಂದು ಕೇಳಿ ನೋಡಿ. ಅಂಗಡಿಯವರು ಒಂದು ಬೆಲೆ ಹೇಳುವುದಿಲ್ಲ, ಮೂರು ಹೇಳುತ್ತಾರೆ. ಬರಿಯ ಯಂತ್ರಕ್ಕೆ ಒಂದು ಬೆಲೆ. ಯಂತ್ರ, ಎರಡು ಬ್ಯಾಟರಿ, ಒಂದು ಚಾರ್ಜರು, ಇವೆಲ್ಲ ಪೆಟ್ಟಿಗೆಯೊಂದರಲ್ಲಿ ಕೂಡಿರುವ ಕಿಟ್ಟಿಗೆ ಇನ್ನೊಂದು ಬೆಲೆ. ಬ್ಯಾಟರಿಯನ್ನೇ ಬಿಡಿಯಾಗಿ ಕೊಳ್ಳುವುದಾದರೆ ಮತ್ತೊಂದು. ಮೂರನ್ನೂ ಚೀಟಿಯ ಮೇಲೆ ಬರೆದು ಕೂಡಿ ಕಳೆದವರಿಗೆ ಒಂದು ವಿಚಿತ್ರ ಕಾಣುತ್ತದೆ. ಮೋಟಾರು, ಹಲ್ಲುಚಕ್ರ, ಉಕ್ಕಿನ ಹಿಡಿಕೆ ಎಲ್ಲ ಇರುವ ಯಂತ್ರಕ್ಕಿಂತ ಅದರ ಬುಡಕ್ಕೆ ಸಿಕ್ಕಿಸುವ ಎರಡು ಪ್ಲಾಸ್ಟಿಕ್ ಡಬ್ಬಿಗಳ ಬಿಡಿ ಬೆಲೆಯೇ ಎಷ್ಟೋ ಸಲ ಹೆಚ್ಚಾಗಿರುತ್ತದೆ. ಅದೇ ಡಬ್ಬಿಗಳು ಕಿಟ್ಟಿನೊಳಗೆ ಬಂದಾಗ ಅರ್ಧ ಬೆಲೆಗೆ ಬಂದಂತೆ ತೋರುತ್ತವೆ.

ಮೂಗಿಗಿಂತ ಮೂಗುತಿ ಭಾರ ಎಂಬ ನಮ್ಮ ಗಾದೆಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗಲಾರದು. ಮೂಗುತಿ ಹೀಗೆ ಭಾರವಾದದ್ದು ಒಂದೇ ದಿನದಲ್ಲಲ್ಲ. ಅದರ ಹಿಂದೆ ಆರು ದಶಕಗಳ ಚರಿತ್ರೆಯಿದೆ. ಆ ಚರಿತ್ರೆಯನ್ನು ತಿಳಿದವರು ಅಂಗಡಿಯಲ್ಲಿ ಸುಲಭವಾಗಿ ಮೋಸಹೋಗಲಾರರು. ಆದುದರಿಂದ ಅದನ್ನು ಇಲ್ಲಿ ಸಂಕ್ಷೇಪವಾಗಿ ಹೇಳಲು ಯತ್ನಿಸಿದ್ದೇವೆ.

ತಂತಿಯಿದ್ದ ಕಾಲ

ನಮ್ಮ ಬಡಗಿಗಳ ಹಳೆಯ ಬೈರಿಗೆಗೆ ಹಗ್ಗವಿತ್ತು. ಒಬ್ಬರು ಬೈರಿಗೆಯನ್ನು ನೆಟ್ಟಗೆ ಒತ್ತಿ ಹಿಡಿದರೆ ಇನ್ನೊಬ್ಬರು ಹಗ್ಗವನ್ನು ಅತ್ತಿತ್ತ ಎಳೆದು ತಿರುಗಿಸುತ್ತಿದ್ದರು. ವಿದ್ಯುತ್ತು ಬಂದ ಮೇಲೆ ಎಳೆಯುವ ಹಗ್ಗ ಹೋಗಿ ಗೋಡೆಗೆ ಸಿಕ್ಕಿಸುವ ತಂತಿ ಬಂತು. 1889ರಲ್ಲಿ ಆಸ್ಟ್ರೇಲಿಯದ ಮೆಲ್ಬರ್ನ್ ನಗರದಲ್ಲಿ ಆರ್ಥರ್ ಜೇಮ್ಸ್ ಆರ್ನಾಟ್ ಮತ್ತು ವಿಲಿಯಂ ಬ್ಲಾಂಚ್ ಬ್ರೇನ್ ಎಂಬವರು ವಿದ್ಯುತ್ ಡ್ರಿಲ್ಲಿಗೆ ಪೇಟೆಂಟು ಪಡೆದರು. ಅದು ಬಂಡೆಯನ್ನೂ ಕಲ್ಲಿದ್ದಲನ್ನೂ ಕೊರೆಯಲೆಂದು ಹುಟ್ಟಿದ ಭಾರೀ ಯಂತ್ರ. 1895ರಲ್ಲಿ ಜರ್ಮನಿಯ ಸ್ಟುಟ್‌ಗಾರ್ಟಿನ ಫೈನ್ ಕಂಪೆನಿಯು ಕೈಯಲ್ಲಿ ಎತ್ತಿ ಹಿಡಿಯಬಹುದಾದ ಡ್ರಿಲ್ಲನ್ನು ತಯಾರಿಸಿತು. ಅಮೆರಿಕೆಯ ಬಾಲ್ಟಿಮೋರಿನಲ್ಲಿ 1910ರಲ್ಲಿ ಡಂಕನ್ ಬ್ಲ್ಯಾಕ್ ಮತ್ತು ಅಲೋಂಜೊ ಡೆಕರ್ ಎಂಬ ಇಬ್ಬರು ಗೆಳೆಯರು ಆರಂಭಿಸಿದ ಬ್ಲ್ಯಾಕ್ ಅಂಡ್ ಡೆಕರ್ ಕಂಪೆನಿ ಅದಕ್ಕೆ ಪಿಸ್ತೂಲಿನಂಥ ಹಿಡಿಯನ್ನೂ ಬೆರಳಿನಿಂದ ಒತ್ತುವ ಕುದುರೆಯನ್ನೂ ಜೋಡಿಸಿ 1917ರಲ್ಲಿ ಪೇಟೆಂಟು ಪಡೆಯಿತು. ಇಂದಿಗೂ ಡ್ರಿಲ್ಲಿನ ರೂಪ ಅದೇ.

ಆ ಕಾಲದಲ್ಲಿ ಕೊಳ್ಳುವವರಿಗೆ ಲೆಕ್ಕ ಸುಲಭವಾಗಿತ್ತು. ಯಂತ್ರಕ್ಕೊಂದು ಬೆಲೆ, ವಿದ್ಯುತ್ತಿನ ಬಿಲ್ಲು ಬೇರೆ. ಯಾವ ಕಂಪೆನಿಯ ಡ್ರಿಲ್ಲಾದರೂ ಮನೆಯ ಪ್ಲಗ್ಗಿಗೆ ಹೊಂದುತ್ತಿತ್ತು. ಈ ಕಂಪೆನಿಯ ಯಂತ್ರಕ್ಕೆ ಈ ಕಂಪೆನಿಯ ವಿದ್ಯುತ್ತೇ ಆಗಬೇಕು ಎಂದು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಮುಂದೆ ನಡೆದದ್ದು ಹೆಚ್ಚುಕಡಿಮೆ ಅದೇ.

ತಂತಿ ಕಡಿದ ವರ್ಷ

ಸ್ವೀಡನ್ನಿನ ವಾಲ್ಡೆಮಾರ್ ಯುಂಗ್‌ನರ್ 1899ರಲ್ಲಿಯೇ ನಿಕಲ್-ಕ್ಯಾಡ್ಮಿಯಮ್ ಬ್ಯಾಟರಿಯನ್ನು ಕಂಡುಹಿಡಿದಿದ್ದರು. ಮತ್ತೆ ಮತ್ತೆ ಚಾರ್ಜು ಮಾಡಬಹುದಾದ ಈ ಕೋಶವನ್ನು ಗಾಳಿಯಾಡದಂತೆ ಮುಚ್ಚಿ ಸಣ್ಣದಾಗಿ ಮಾಡುವ ವಿದ್ಯೆ ಕೈಗೂಡಲು ಇಪ್ಪತ್ತನೆಯ ಶತಮಾನದ ನಡುಭಾಗವೇ ಬರಬೇಕಾಯಿತು. 1961ರಲ್ಲಿ ಬ್ಲ್ಯಾಕ್ ಅಂಡ್ ಡೆಕರ್ ಕಂಪೆನಿ ಈ ಕೋಶಗಳಿಂದ ನಡೆಯುವ ಮೊದಲ ತಂತಿರಹಿತ ಡ್ರಿಲ್ಲನ್ನು ಮಾರುಕಟ್ಟೆಗೆ ತಂದಿತು.

ತಂತಿಯಿಲ್ಲದ ಡ್ರಿಲ್ಲನ್ನು ಕಂಡುಹಿಡಿದದ್ದು ಅಮೆರಿಕೆಯ ಬಾಹ್ಯಾಕಾಶ ಸಂಸ್ಥೆ ನಾಸಾ ಎಂಬ ಮಾತು ಬಹಳ ಪ್ರಚಾರದಲ್ಲಿದೆ. ಅದು ನಿಜವಲ್ಲ. ಡ್ರಿಲ್ಲು ಮೊದಲು ಬಂತು, ನಾಸಾ ಆಮೇಲೆ ಬಂತು. 1960ರ ದಶಕದಲ್ಲಿ ನಾಸಾದ ಗುತ್ತಿಗೆದಾರರಾದ ಮಾರ್ಟಿನ್ ಮೇರಿಯೆಟಾ ಕಂಪೆನಿಯವರು ಬ್ಲ್ಯಾಕ್ ಅಂಡ್ ಡೆಕರಿನ ನೆರವಿನಿಂದ ಗಗನಯಾತ್ರಿಗಳಿಗೆ ಬೇಕಾದ ಬ್ಯಾಟರಿ ಉಪಕರಣಗಳನ್ನು ಮಾಡಿಸಿದರು. ಚಂದ್ರನ ನೆಲವನ್ನು ಕೊರೆಯುವ ಡ್ರಿಲ್ಲು ಅವುಗಳಲ್ಲೊಂದು. 1971ರಲ್ಲಿ ಅಪೊಲೊ 15ರ ಡೇವಿಡ್ ಸ್ಕಾಟ್ ಅದನ್ನು ಹಿಡಿದು ಚಂದ್ರನ ನೆಲವನ್ನು ಎರಡು ಮೀಟರಿಗೂ ಆಳವಾಗಿ ಕೊರೆದರು. ಕೊರೆದ ಕೊಳವೆ ನೆಲದೊಳಗೇ ಸಿಕ್ಕಿಕೊಂಡಾಗ ಅವರೂ ಜೊತೆಗಾರ ಜೇಮ್ಸ್ ಅರ್ವಿನ್ನರೂ ಸೇರಿ ಎಳೆದು ತೆಗೆಯಲು ಹೆಣಗಬೇಕಾಯಿತು. ಪ್ಲಗ್ಗೇ ಇಲ್ಲದ ಊರಿನಲ್ಲಿ ಬ್ಯಾಟರಿಗೆ ಎಷ್ಟು ಬೆಲೆ ಕೊಟ್ಟರೂ ಹೆಚ್ಚಲ್ಲವೆಂಬುದಕ್ಕೆ ಚಂದ್ರಲೋಕವೇ ಸಾಕ್ಷಿ.

ಬ್ಯಾಟರಿ ಬೇರೆಯಾದದ್ದು

ಭೂಲೋಕದಲ್ಲಿ ಮಾತ್ರ ಆ ಮೊದಲ ಡ್ರಿಲ್ಲುಗಳ ಶಕ್ತಿ ಅಷ್ಟಕ್ಕಷ್ಟೆ. ಬಡಗಿಯ ದಿನದ ದುಡಿಮೆಗೆ ಒದಗುವ ಯಂತ್ರ ಜಪಾನಿನಿಂದ ಬಂತು. 1915ರಲ್ಲಿ ಮೊಸಬುರೊ ಮಕಿಟಾ ಎಂಬವರು ನಗೋಯಾ ನಗರದಲ್ಲಿ ಮೋಟಾರುಗಳ ಮಾರಾಟ ಮತ್ತು ರಿಪೇರಿಗಾಗಿ ತೆರೆದ ಅಂಗಡಿಯೇ ಮುಂದೆ ಮಕಿಟಾ ಕಂಪೆನಿಯಾಯಿತು. ಈ ಕಂಪೆನಿ 1969ರಲ್ಲಿ ತನ್ನ ಮೊದಲ ಚಾರ್ಜು ಮಾಡುವ ಡ್ರಿಲ್ಲನ್ನೂ, 1978ರಲ್ಲಿ 7.2 ವೋಲ್ಟಿನ ನಿಕಲ್-ಕ್ಯಾಡ್ಮಿಯಮ್ ಡ್ರಿಲ್ಲನ್ನೂ ಹೊರತಂದಿತು. ಎರಡನೆಯದರ ಬ್ಯಾಟರಿ ಹಿಡಿಯೊಳಗೆ ಕೋಲಿನಂತೆ ಸೇರುತ್ತಿತ್ತು, ಬೇಕಾದಾಗ ಹೊರಗೆಳೆಯಬಹುದಿತ್ತು.

ನಮ್ಮ ಕಥೆಯ ತಿರುವು ಇಲ್ಲಿದೆ. ಬ್ಯಾಟರಿ ಯಂತ್ರದ ಹೊಟ್ಟೆಯೊಳಗೇ ಇದ್ದರೆ ಅದು ಬರಿದಾದಾಗ ಕೆಲಸ ನಿಲ್ಲುತ್ತದೆ. ಹೊರಗೆ ತೆಗೆಯಬಹುದಾದರೆ ಒಂದು ಕೆಲಸ ಮಾಡುತ್ತಿರುವಾಗ ಇನ್ನೊಂದು ಚಾರ್ಜಾಗುತ್ತಿರುತ್ತದೆ. ಬಡಗಿಗೆ ಇದರಿಂದ ದೊಡ್ಡ ಅನುಕೂಲವಾಯಿತು, ಸಂದೇಹವಿಲ್ಲ. ಆದರೆ ಕಳಚಿ ಬಂದ ಬ್ಯಾಟರಿ ಅಂದಿನಿಂದಲೇ ತಾನೊಂದು ಸ್ವತಂತ್ರ ಸರಕಾಯಿತು. ಅದಕ್ಕೆ ಬೇರೆ ಬೆಲೆ, ಬೇರೆ ಆಯುಸ್ಸು, ಬೇರೆ ಗಿರಾಕಿ.

ಇದರ ಬೆನ್ನಿಗೆ ವೋಲ್ಟಿನ ಪೈಪೋಟಿ ಆರಂಭವಾಯಿತು. ನಿಕಲ್-ಕ್ಯಾಡ್ಮಿಯಮ್ಮಿನ ಒಂದು ಸೆಲ್ಲು ಕೊಡುವುದು 1.2 ವೋಲ್ಟು. ಆರು ಸೆಲ್ಲನ್ನು ಸರಣಿಯಲ್ಲಿ ಜೋಡಿಸಿದರೆ 7.2, ಎಂಟಾದರೆ 9.6, ಹತ್ತಾದರೆ 12, ಹನ್ನೆರಡಾದರೆ 14.4, ಹದಿನೈದಾದರೆ 18, ಇಪ್ಪತ್ತಾದರೆ 24. ಮಾರುಕಟ್ಟೆಯಲ್ಲಿ ಕಂಡ ಈ ವಿಚಿತ್ರ ಸಂಖ್ಯೆಗಳೆಲ್ಲ 1.2ರ ಮಗ್ಗಿಯಲ್ಲದೆ ಬೇರೇನೂ ಅಲ್ಲ. ಮಗ್ಗಿ ಮೇಲೇರಿದಂತೆ ಡ್ರಿಲ್ಲಿನ ಬಲವೂ ಏರಿತು, ಭಾರವೂ ಏರಿತು. ಪ್ರತಿ ಮೆಟ್ಟಿಲಿಗೂ ಬ್ಯಾಟರಿಯ ಆಕಾರ ಬದಲಾಯಿತು. 9.6ರ ಯಂತ್ರವಿದ್ದವರು 12ಕ್ಕೆ ಹೋಗಬೇಕಾದರೆ ಹಳೆಯ ಬ್ಯಾಟರಿ, ಹಳೆಯ ಚಾರ್ಜರು ಎರಡನ್ನೂ ಮೂಲೆಗೆ ಹಾಕಬೇಕಾಯಿತು.

ಇದಕ್ಕೆ ಎದ್ದು ಕಾಣುವ ಒಂದು ಅಪವಾದವುಂಟು. ರಿಯೋಬಿ ಎಂಬ ಹೆಸರಿನಲ್ಲಿ 1996ರಲ್ಲಿ 18 ವೋಲ್ಟಿನ 'ಒನ್ ಪ್ಲಸ್' ಎಂಬ ಸರಣಿ ಬಂತು. ಅದರ ಬ್ಯಾಟರಿಯ ಕಾಲಿನ ಆಕಾರವನ್ನು ಅಂದಿನಿಂದ ಇಂದಿನವರೆಗೆ ಬದಲಿಸಿಲ್ಲ. ಒಳಗಿನ ರಸಾಯನ ನಿಕಲ್-ಕ್ಯಾಡ್ಮಿಯಮ್ಮಿನಿಂದ ಲಿಥಿಯಮ್ಮಿಗೆ ಬದಲಾದರೂ 1996ರ ಡ್ರಿಲ್ಲಿಗೆ ಇಂದಿನ ಬ್ಯಾಟರಿ ಕೂರುತ್ತದೆ. ಕಂಪೆನಿ ಮನಸ್ಸು ಮಾಡಿದರೆ ಹಳೆಯ ಗಿರಾಕಿಯನ್ನು ಕೈಬಿಡದೆ ಮುಂದೆ ಸಾಗಬಹುದೆಂಬುದಕ್ಕೆ ಇದು ಪುರಾವೆ.

ಲಿಥಿಯಮ್ಮಿನ ಪ್ರವೇಶ

ನಿಕಲ್-ಕ್ಯಾಡ್ಮಿಯಮ್ಮಿಗೆ ಎರಡು ದೊಡ್ಡ ದೋಷಗಳಿದ್ದವು. ಉಪಯೋಗಿಸದೆ ಇಟ್ಟರೆ ಅದರ ಚಾರ್ಜು ತಾನಾಗಿ ಸೋರಿಹೋಗುತ್ತಿತ್ತು. ಅದಕ್ಕಿಂತ ಮುಖ್ಯವಾಗಿ, ಕ್ಯಾಡ್ಮಿಯಮ್ ವಿಷಲೋಹ. ಯುರೋಪಿನ ಒಕ್ಕೂಟ 2006ರಲ್ಲಿ ಕೈಬ್ಯಾಟರಿಗಳಲ್ಲಿ ಕ್ಯಾಡ್ಮಿಯಮ್ಮನ್ನು ನಿರ್ಬಂಧಿಸಿದಾಗಲೂ ತಂತಿರಹಿತ ಉಪಕರಣಗಳಿಗೆ ಮಾತ್ರ ವಿನಾಯಿತಿ ಕೊಟ್ಟಿತ್ತು. ಆ ವಿನಾಯಿತಿಯೂ 2016ರ ಕೊನೆಗೆ ಮುಗಿಯಿತು.

ಅಷ್ಟರಲ್ಲಿ ಲಿಥಿಯಮ್-ಅಯಾನ್ ಕೋಶ ಬೇರೂರಿತ್ತು. 1991ರಲ್ಲಿ ಸೋನಿ ಕಂಪೆನಿ ಅದನ್ನು ವ್ಯಾಪಾರಕ್ಕೆ ತಂದಿತು. ಅದರ ಹಿಂದಿನ ಸಂಶೋಧನೆಗಾಗಿ ಗುಡ್‌ಇನಫ್, ವಿಟಿಂಗ್‌ಹ್ಯಾಮ್ ಮತ್ತು ಯೊಶಿನೊ ಎಂಬ ಮೂವರು ವಿಜ್ಞಾನಿಗಳಿಗೆ 2019ರ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ಸಂದಿತು. ಉಪಕರಣಗಳ ಲೋಕದಲ್ಲಿ 2003ರಲ್ಲಿ ಬಾಷ್ ಕಂಪೆನಿಯ ಪುಟ್ಟ ಸ್ಕ್ರೂಡ್ರೈವರಿನೊಳಗೆ ಲಿಥಿಯಮ್ ಮೊದಲು ಕಾಣಿಸಿಕೊಂಡಿತು. 2005ರಲ್ಲಿ ಮಕಿಟಾ ಮತ್ತು ಅಮೆರಿಕೆಯ ಮಿಲ್ವಾಕಿ ಕಂಪೆನಿಗಳು ದೊಡ್ಡ ಯಂತ್ರಗಳಿಗೂ ಅದನ್ನು ಜೋಡಿಸಿದವು.

ಲಿಥಿಯಮ್ಮಿನ ಒಂದು ಸೆಲ್ಲು 3.6 ವೋಲ್ಟು ಕೊಡುತ್ತದೆ. ನಿಕಲ್-ಕ್ಯಾಡ್ಮಿಯಮ್ಮಿನ ಸರಿಯಾಗಿ ಮೂರು ಪಟ್ಟು. ಹಾಗಾಗಿ ಹದಿನೈದು ಸೆಲ್ಲಿನ ಕೆಲಸವನ್ನು ಐದೇ ಸೆಲ್ಲು ಮಾಡಿ 18 ವೋಲ್ಟು ಕೊಟ್ಟವು. ಭಾರ ಇಳಿಯಿತು. ಆದರೆ ವೋಲ್ಟಿನ ಪೈಪೋಟಿಯ ಹುಚ್ಚು ಇಳಿಯಲಿಲ್ಲ. ಪೂರ್ತಿ ಚಾರ್ಜಾದ ಲಿಥಿಯಮ್ ಸೆಲ್ಲು ಕೆಲಸಕ್ಕೆ ಹಚ್ಚುವ ಮುನ್ನ 4 ವೋಲ್ಟು ತೋರಿಸುತ್ತದೆ. ಐದು ಸೇರಿ 20. ಇದನ್ನೇ ಹಿಡಿದು ಡಿವಾಲ್ಟ್ ಕಂಪೆನಿ 2011ರಲ್ಲಿ ಅಮೆರಿಕೆಯಲ್ಲಿ '20 ವೋಲ್ಟ್ ಮ್ಯಾಕ್ಸ್' ಎಂಬ ಸರಣಿಯನ್ನು ಹೊರತಂದಿತು. ಅದೇ ಸರಕು ಯುರೋಪಿನಲ್ಲಿ '18 ವೋಲ್ಟು' ಎಂಬ ಹೆಸರಿನಲ್ಲಿ ಮಾರಾಟವಾಗುತ್ತದೆ. ಇದೇ ರೀತಿ ಮೂರು ಸೆಲ್ಲಿನ 10.8 ವೋಲ್ಟಿನ ಉಪಕರಣಗಳು ಈಗ '12 ವೋಲ್ಟು' ಎಂದು ಕರೆಸಿಕೊಳ್ಳುತ್ತಿವೆ. ಸೆಲ್ಲು ಬದಲಾಗಿಲ್ಲ, ಚೀಟಿ ಬದಲಾಗಿದೆ. 18ಕ್ಕೂ 20ಕ್ಕೂ ವ್ಯತ್ಯಾಸವಿದೆಯೆಂದು ಹೆಚ್ಚು ಹಣ ಕೊಡುವವರು ಈ ಮಗ್ಗಿಯನ್ನು ನೆನಪಿಡಬೇಕು.

ಟಾರ್ಚಿನ ಸೆಲ್ಲು ಕಲಿಸಿದ ಪಾಠ

ನಮ್ಮ ಬಾಲ್ಯದ ಟಾರ್ಚನ್ನು ಒಮ್ಮೆ ನೆನೆಯೋಣ. ಅದು ಯಾವ ಕಂಪೆನಿಯದೇ ಆಗಿರಲಿ, ಎವರೆಡಿಯ ಸೆಲ್ಲು ಹಾಕಿದರೂ ಉರಿಯುತ್ತಿತ್ತು, ಬೇರೆಯವರ ಸೆಲ್ಲು ಹಾಕಿದರೂ ಉರಿಯುತ್ತಿತ್ತು. ಹಳ್ಳಿಯ ಕಿರಾಣಿ ಅಂಗಡಿಯಲ್ಲಿ ಸಿಕ್ಕ ಸೆಲ್ಲು ಮುಂಬಯಿಯ ಟಾರ್ಚಿಗೆ ಹೊಂದುತ್ತಿತ್ತು. ಇದು ತಾನಾಗಿ ಆದದ್ದಲ್ಲ. ಮೊದಲ ಮಹಾಯುದ್ಧದ ನಂತರದ ವರ್ಷಗಳಲ್ಲಿ ಅಮೆರಿಕೆಯಲ್ಲಿ ತಯಾರಕರೂ ಸರಕಾರದ ಮಾನಕ ಸಂಸ್ಥೆಯೂ ಕುಳಿತು ಸೆಲ್ಲಿನ ಉದ್ದಗಲಗಳಿಗೆ ಮಟ್ಟ ಹಾಕತೊಡಗಿದ್ದರ ಫಲ ಅದು.

ತಂತಿರಹಿತ ಡ್ರಿಲ್ಲಿನ ಬ್ಯಾಟರಿಯ ಡಬ್ಬಿಯನ್ನು ಬಿಚ್ಚಿದರೆ (ಬಿಚ್ಚಬಾರದು, ಅಪಾಯಕರ) ಒಳಗೆ ಕಾಣುವುದೂ ಮಟ್ಟದ ಸೆಲ್ಲುಗಳೇ. 18 ಮಿಲಿಮೀಟರ್ ವ್ಯಾಸ, 65 ಮಿಲಿಮೀಟರ್ ಉದ್ದವಿರುವುದಕ್ಕೆ 18650 ಎಂದು ಹೆಸರು. 21 ವ್ಯಾಸ, 70 ಉದ್ದವಾದರೆ 21700. ಬೇರೆ ಬೇರೆ ಕಂಪೆನಿಗಳ ಡಬ್ಬಿಯೊಳಗೆ ಇವೇ ಅಳತೆಯ ಸೆಲ್ಲುಗಳಿರುತ್ತವೆ. ಬೇರೆಯಾಗಿರುವುದು ಯಂತ್ರಕ್ಕೆ ಸಿಕ್ಕಿಸುವ ಪ್ಲಾಸ್ಟಿಕ್ ಕಾಲು ಮತ್ತು ಕಾವಲಿಗಿರುವ ವಿದ್ಯುತ್ ಮಂಡಲ. ಒಳಗಿನ ಸೆಲ್ಲು ಎಲ್ಲರದು. ಹೊರಗಿನ ಕಾಲು ಒಬ್ಬೊಬ್ಬರದು. ಗಿರಾಕಿಯನ್ನು ಕಟ್ಟಿಹಾಕಿರುವುದು ಆ ಕಾಲು.

ಇದಕ್ಕೆ ಹೋಲಿಕೆಯಾಗಿ ಜಿಲೆಟ್ ರೇಜರಿನ ಕಥೆಯನ್ನು ಹೇಳುವುದುಂಟು. ಹಿಡಿಕೆಯನ್ನು ಪುಕ್ಕಟೆಯೆಂಬಂತೆ ಹಂಚಿ ಬ್ಲೇಡಿನಲ್ಲಿ ದುಡಿದರು ಎಂಬುದು ಆ ಕಥೆ. ಚರಿತ್ರೆ ಹಾಗಿಲ್ಲ. 1904ರಲ್ಲಿ ಪೇಟೆಂಟು ಪಡೆದ ಜಿಲೆಟ್ ತನ್ನ ರೇಜರನ್ನು 5 ಡಾಲರಿಗೆ ಮಾರುತ್ತಿದ್ದ. ಆ ಕಾಲಕ್ಕೆ ಅದು ಬಹು ದುಬಾರಿ. 1921ರಲ್ಲಿ ಪೇಟೆಂಟು ಮುಗಿದು ಬೇರೆಯವರೂ ಅದೇ ಮಾದರಿಯನ್ನು ಮಾಡಬಹುದಾದ ಮೇಲೆಯೇ ಹಳೆಯ ಮಾದರಿಯ ಹಿಡಿಕೆಯ ಬೆಲೆ ಇಳಿದದ್ದು. ಬೀಗ ಇರುವವರೆಗೆ ಬೆಲೆ ಏರಿಯೇ ಇತ್ತು; ಬೀಗ ಕಳಚಿದ ಮೇಲೆ ಇಳಿಯಿತು. ಬ್ಯಾಟರಿಯ ಕಾಲು ಅಂಥದೊಂದು ಬೀಗ.

ಕಿಟ್ಟು ಏಕೆ ಅಗ್ಗ?

ಈಗ ಮೊದಲಿನ ಒಗಟಿಗೆ ಬರೋಣ. ಒಂದು ಕಂಪೆನಿಯ ಎರಡು ಬ್ಯಾಟರಿ, ಒಂದು ಚಾರ್ಜರು ಮನೆಗೆ ಬಂದ ಮೇಲೆ ಮುಂದಿನ ಗರಗಸ, ಗ್ರೈಂಡರು, ಟಾರ್ಚು ಎಲ್ಲವನ್ನೂ ಆ ಕಂಪೆನಿಯಲ್ಲೇ ಕೊಳ್ಳುವುದು ಗಿರಾಕಿಗೆ ಅನಿವಾರ್ಯವಾಗುತ್ತದೆ. ಆದುದರಿಂದ ಮೊದಲ ಕಿಟ್ಟಿನಲ್ಲಿ ಲಾಭ ಕಡಿಮೆಯಾದರೂ ಕಂಪೆನಿಗೆ ಚಿಂತೆಯಿಲ್ಲ. ಅಮೆರಿಕೆಯ ದೊಡ್ಡ ಸರಪಳಿ ಅಂಗಡಿಗಳಲ್ಲಿ ಹಬ್ಬದ ದಿನಗಳಲ್ಲಿ 'ಎರಡು ಬ್ಯಾಟರಿಯ ಕಿಟ್ಟು ಕೊಂಡವರಿಗೆ ಒಂದು ಯಂತ್ರ ಪುಕ್ಕಟೆ' ಎಂಬ ಫಲಕ ಹಾಕುವುದರ ಗುಟ್ಟು ಇಷ್ಟೆ. ಅಲ್ಲಿ ಮಾರಾಟವಾಗುತ್ತಿರುವುದು ಯಂತ್ರವಲ್ಲ, ನೆಂಟಸ್ತಿಕೆ.

ನೆಂಟಸ್ತಿಕೆಯೆಂದ ಮೇಲೆ ಕುಲಗೋತ್ರ ವಿಚಾರಿಸಬೇಕಷ್ಟೆ. ಸರಕಾರಿ ಕಚೇರಿಯಲ್ಲಿ ಮೂರು ಕೊಟೇಶನ್ ತರಿಸಿ ಪಕ್ಕಪಕ್ಕ ಬರೆದು ನೋಡುವ ಅಭ್ಯಾಸ ನಮಗಿದೆ. ಅದೇ ಪದ್ಧತಿ ಇಲ್ಲಿಯೂ ಸಾಕು. ಬ್ಯಾಟರಿಯ ನಿಜವಾದ ಅಳತೆ ವೋಲ್ಟೂ ಅಲ್ಲ, ಆಂಪಿಯರ್-ಗಂಟೆಯೂ ಅಲ್ಲ. ಇವೆರಡರ ಗುಣಲಬ್ಧವಾದ ವಾಟ್-ಗಂಟೆ. 18 ವೋಲ್ಟಿನ 2 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ 36 ವಾಟ್-ಗಂಟೆ, 4ರದರಲ್ಲಿ 72, 5ರದರಲ್ಲಿ 90. ಹಾಲನ್ನು ಲೀಟರಿನಲ್ಲಿ ಕೇಳುವಂತೆ ಬ್ಯಾಟರಿಯನ್ನು ವಾಟ್-ಗಂಟೆಯಲ್ಲಿ ಕೇಳಬೇಕು.

ಲೆಕ್ಕಕ್ಕಾಗಿ ಕೆಲವು ಅಂಕಿಗಳನ್ನು ಹಿಡಿಯೋಣ; ಇವು ಯಾವ ಅಂಗಡಿಯ ಬೆಲೆಯೂ ಅಲ್ಲ. ಬರಿಯ ಡ್ರಿಲ್ಲಿಗೆ 5,000 ರೂಪಾಯಿ. 2 ಆಂಪಿಯರ್-ಗಂಟೆಯ ಎರಡು ಬ್ಯಾಟರಿಯುಳ್ಳ ಕಿಟ್ಟಿಗೆ 10,000. 4 ಆಂಪಿಯರ್-ಗಂಟೆಯ ಎರಡು ಬ್ಯಾಟರಿಯುಳ್ಳ ಕಿಟ್ಟಿಗೆ 13,000. ಕಿಟ್ಟಿನ ಬೆಲೆಯಲ್ಲಿ ಬರಿಯ ಯಂತ್ರದ ಬೆಲೆ ಕಳೆದರೆ ಉಳಿಯುವುದು ಬ್ಯಾಟರಿ ಮತ್ತು ಚಾರ್ಜರಿಗೆ ನಾವು ಕೊಡುವ ಹಣ. ಮೊದಲ ಕಿಟ್ಟಿನಲ್ಲಿ 72 ವಾಟ್-ಗಂಟೆಗೆ 5,000 ರೂಪಾಯಿ. ಎಂದರೆ ವಾಟ್-ಗಂಟೆಗೆ ಸುಮಾರು 69. ಎರಡನೆಯದರಲ್ಲಿ 144 ವಾಟ್-ಗಂಟೆಗೆ 8,000. ಎಂದರೆ ಸುಮಾರು 56. ಮೇಲ್ನೋಟಕ್ಕೆ ದುಬಾರಿಯೆನಿಸಿದ ಕಿಟ್ಟೇ ಅಗ್ಗವೆಂದು ಆಯಿತು. ಅದೂ ಅಲ್ಲದೆ 4 ಆಂಪಿಯರ್-ಗಂಟೆಯ ಡಬ್ಬಿಯಲ್ಲಿ ಸಾಮಾನ್ಯವಾಗಿ ಐದೈದು ಸೆಲ್ಲಿನ ಎರಡು ಸಾಲುಗಳಿರುತ್ತವೆ. ಹೊರೆ ಇಬ್ಬರಿಗೆ ಹಂಚಿಹೋಗುವುದರಿಂದ ಸೆಲ್ಲು ಕಡಿಮೆ ಬಿಸಿಯಾಗುತ್ತದೆ, ಹೆಚ್ಚು ಕಾಲ ಬಾಳುತ್ತದೆ.

ಹಾಗೆಂದು ಪ್ರತಿ ಕಿಟ್ಟೂ ಲಾಭವಲ್ಲ. 'ಐದು ಉಪಕರಣಗಳ ಕಿಟ್ಟು' ಎಂಬಲ್ಲಿ ಟಾರ್ಚನ್ನೂ ಒಂದು ಉಪಕರಣವೆಂದು ಎಣಿಸುವುದುಂಟು. ನಾವು ಬೇರೆಯಾಗಿ ಎಂದೂ ಕೊಳ್ಳದಿದ್ದ ವಸ್ತುವಿಗೆ ಲೆಕ್ಕದಲ್ಲಿ ಸೊನ್ನೆ ಬರೆಯಬೇಕು. ಕಿಟ್ಟಿನಲ್ಲಿ ಕೊಡುವ ಡ್ರಿಲ್ಲು ಹಳೆಯ, ಕಾರ್ಬನ್ ಬ್ರಷ್ಷಿನ ಮಾದರಿಯದಾಗಿರಬಹುದು. ಬ್ರಷ್ಷಿಲ್ಲದ ಮೋಟಾರು ಅದೇ ಬ್ಯಾಟರಿಯಿಂದ ಹೆಚ್ಚು ಕೆಲಸ ತೆಗೆಯುತ್ತದೆ. ಅದನ್ನು ಕೇಳಿ ತಿಳಿಯಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಲಿಥಿಯಮ್ ಬ್ಯಾಟರಿ ಸುಮ್ಮನೆ ಕಪಾಟಿನಲ್ಲಿದ್ದರೂ ಮುದಿಯಾಗುತ್ತದೆ. ಅಗ್ಗಕ್ಕೆ ಸಿಕ್ಕಿತೆಂದು ಆರು ಬ್ಯಾಟರಿ ಕೂಡಿಡುವುದು ಬೇಸಗೆಯ ಅಗ್ಗದ ಟೊಮೆಟೊವನ್ನು ಮಳೆಗಾಲಕ್ಕೆಂದು ಬುಟ್ಟಿಯಲ್ಲಿ ಕಟ್ಟಿಟ್ಟಂತೆ. ಇರುವುದನ್ನು ಬಿಸಿಲಿಗೆ ಬಿಡದೆ, ಬಹಳ ದಿನ ಬಳಸುವುದಿಲ್ಲವಾದರೆ ಅರ್ಧ ಚಾರ್ಜಿನಲ್ಲಿ ಇಡುವುದು ಕ್ಷೇಮ.

ಅಗ್ಗದ ನಕಲಿಗಳೂ ಅಮೆರಿಕೆಯ ಉಡುಗೊರೆಗಳೂ

ಹೆಸರಾಂತ ಕಂಪೆನಿಯ ಬ್ಯಾಟರಿಯಂತೆಯೇ ಕಾಣುವ, ಕಾಲು ಭಾಗ ಬೆಲೆಯ ಬ್ಯಾಟರಿಗಳು ಪೇಟೆಯಲ್ಲಿ ಧಾರಾಳವಾಗಿವೆ. ಎಲ್ಲವೂ ಕೆಟ್ಟವೆಂದು ಹೇಳಲಾಗದು. ಆದರೆ ಕಾವಲಿನ ವಿದ್ಯುತ್ ಮಂಡಲದಲ್ಲಿ ಉಳಿತಾಯ ಮಾಡಿದ ಲಿಥಿಯಮ್ ಬ್ಯಾಟರಿ ಬೆಂಕಿಗೆ ಆಹ್ವಾನ. ಪರೀಕ್ಷೆಗೆ ಒಂದು ಸರಳ ಲೆಕ್ಕವಿದೆ. 18650 ಸೆಲ್ಲೊಂದು ಹಿಡಿಯುವುದು ಹೆಚ್ಚೆಂದರೆ ಸುಮಾರು 3.5 ಆಂಪಿಯರ್-ಗಂಟೆ. ಒಂದೇ ಸಾಲಿನ ಇಂಥ ಐದು ಸೆಲ್ಲು ಹಿಡಿಸುವಷ್ಟು ತೆಳ್ಳಗಿನ, ಹಗುರವಾದ ಡಬ್ಬಿಯ ಮೇಲೆ '6 ಆಂಪಿಯರ್-ಗಂಟೆ' ಎಂದು ಬರೆದಿದ್ದರೆ ಆ ಬರಹವನ್ನು ನಂಬಬೇಕಾಗಿಲ್ಲ. ಕೈಯಲ್ಲಿ ತೂಗಿ ನೋಡಿದರೂ ಅಸಲಿ ನಕಲಿ ಅಷ್ಟಿಷ್ಟು ತಿಳಿಯುತ್ತದೆ.

ನಮ್ಮ ಸಂಘದ ಅನೇಕ ಕುಟುಂಬಗಳ ಮಕ್ಕಳು ಹೊರದೇಶದಲ್ಲಿದ್ದಾರೆ. ಅಲ್ಲಿ ಕಿಟ್ಟು ಅಗ್ಗವೆಂದು ತರಿಸಿಕೊಳ್ಳುವವರು ಎರಡು ಸಂಗತಿ ತಿಳಿದಿರಬೇಕು. ಅಮೆರಿಕೆಯ ಚಾರ್ಜರು ಸಾಮಾನ್ಯವಾಗಿ 120 ವೋಲ್ಟಿನದು. ಜಪಾನಿನದು 100 ವೋಲ್ಟಿನದು. ನಮ್ಮ 230 ವೋಲ್ಟಿಗೆ ನೇರವಾಗಿ ಸಿಕ್ಕಿಸಿದರೆ ಸುಟ್ಟುಹೋಗುತ್ತದೆ. ಎರಡನೆಯದು, ವಿಮಾನದಲ್ಲಿ ಬಿಡಿ ಲಿಥಿಯಮ್ ಬ್ಯಾಟರಿಯನ್ನು ಕೈಚೀಲದಲ್ಲೇ ತರಬೇಕು, ಲಗೇಜಿಗೆ ಹಾಕುವಂತಿಲ್ಲ. 100 ವಾಟ್-ಗಂಟೆಯವರೆಗೆ ಅಡ್ಡಿಯಿಲ್ಲ. 100ರಿಂದ 160ರವರೆಗೆ ವಿಮಾನ ಕಂಪೆನಿಯ ಅನುಮತಿ ಬೇಕು. ಇಲ್ಲಿಯೂ ವಾಟ್-ಗಂಟೆಯ ಲೆಕ್ಕವೇ. ಡ್ರಿಲ್ಲು ಮಾತ್ರ ಲಗೇಜಿನಲ್ಲಿಯೇ ಬರಬೇಕು.

ಇನ್ನೊಂದು ಮಾತು. ವರ್ಷಕ್ಕೆ ನಾಲ್ಕು ಮೊಳೆ ಹೊಡೆದು ಕ್ಯಾಲೆಂಡರು ತೂಗುಹಾಕುವ ಮನೆಗೆ ತಂತಿಯಿರುವ ಡ್ರಿಲ್ಲೇ ಲೇಸು. ಅದರ ಬೆಲೆ ಕಡಿಮೆ, ಅದಕ್ಕೆ ಮುಪ್ಪಾಗುವ ಬ್ಯಾಟರಿಯಿಲ್ಲ, ಹತ್ತು ವರ್ಷ ಮಾಳಿಗೆಯಲ್ಲಿದ್ದರೂ ಪ್ಲಗ್ಗಿಗೆ ಹಾಕಿದಾಗ ತಿರುಗುತ್ತದೆ. ಕಾಂಕ್ರೀಟು ಗೋಡೆಗಂತೂ ಅದರ ಬಲವೇ ಬೇಕು.

ಪಣಕ್ಕಿರುವುದು ಯಾರದು?

ಹವ್ಯಾಸಕ್ಕಾಗಿ ಕೊಳ್ಳುವವರಿಗೆ ಇದೆಲ್ಲ ನಾಲ್ಕು ಕಾಸಿನ ಉಳಿತಾಯದ ಪ್ರಶ್ನೆ. ನಮ್ಮ ಮನೆಗಳಿಗೆ ಕಪಾಟು, ಕಿಟಕಿ, ಪರದೆಯ ಸರಳು ಕೂರಿಸಲು ಬರುವ ಬಡಗಿಗೆ ಹಾಗಲ್ಲ. ಅವನ ಚೀಲವೇ ಅವನ ಬಂಡವಾಳ. ಮೊದಲ ಕಿಟ್ಟನ್ನು ಅವನು ಸಾಲ ಮಾಡಿ ಕೊಂಡಿರುತ್ತಾನೆ. ಒಂದೊಂದೇ ಯಂತ್ರವನ್ನು ಸೇರಿಸುತ್ತ ನಾಲ್ಕಾರು ವರ್ಷದಲ್ಲಿ ಚೀಲ ತುಂಬುವಷ್ಟರಲ್ಲಿ ಕಂಪೆನಿ ಬ್ಯಾಟರಿಯ ಕಾಲನ್ನು ಬದಲಿಸಿದರೆ, ಸರಿಯಾಗಿರುವ ಯಂತ್ರಗಳೆಲ್ಲ ಒಟ್ಟಿಗೆ ಅನಾಥವಾಗುತ್ತವೆ. ಮೋಟಾರು ಸವೆಯದೆ ಯಂತ್ರ ಸಾಯುವುದೆಂದರೆ ಇದೇ. ಆದುದರಿಂದ ದುಡಿದು ತಿನ್ನುವವರು ಕೇಳಬೇಕಾದ ಮೊದಲ ಪ್ರಶ್ನೆ 'ಕಿಟ್ಟಿಗೆಷ್ಟು?' ಎಂಬುದಲ್ಲ. 'ಈ ಬ್ಯಾಟರಿಯ ಕಾಲು ಎಷ್ಟು ವರ್ಷದಿಂದ ಹೀಗೇ ಇದೆ? ಇದಕ್ಕೆ ಹೊಂದುವ ಯಂತ್ರಗಳು ಎಷ್ಟಿವೆ? ನಮ್ಮ ಊರಿನಲ್ಲಿ ರಿಪೇರಿ ಮಾಡುವವರಿದ್ದಾರೆಯೇ?' ಎಂಬುದು.

ಚರಿತ್ರೆ ಈಗ ಸ್ವಲ್ಪ ಒಳ್ಳೆಯ ಕಡೆಗೆ ಹೊರಳಿರುವ ಲಕ್ಷಣಗಳಿವೆ. 2018ರಲ್ಲಿ ಜರ್ಮನಿಯ ಮೆಟಾಬೊ ಕಂಪೆನಿಯ ಮುಂದಾಳುತನದಲ್ಲಿ ಹಲವು ತಯಾರಕರು ಸೇರಿ ಒಂದೇ ಬ್ಯಾಟರಿಯನ್ನು ಹಂಚಿಕೊಳ್ಳುವ ಕೂಟ ಕಟ್ಟಿದರು. ಬಾಷ್ ಕಂಪೆನಿಯೂ ತನ್ನ 18 ವೋಲ್ಟಿನ ಬ್ಯಾಟರಿಗಳ ಸುತ್ತ ಅಂಥ ಕೂಟಗಳನ್ನು ಕಟ್ಟಿದೆ. ಈ ಬಾಷ್ ನಮಗೆ ಹೊರಗಿನದಲ್ಲ. ಬೆಂಗಳೂರಿನ ಆಡುಗೋಡಿಯ 'ಮೈಕೋ' ಎಂದು ಎರಡು ತಲೆಮಾರಿನ ಕನ್ನಡಿಗರ ಬಾಯಲ್ಲಿದ್ದ, 1951ರಲ್ಲಿ ಸ್ಥಾಪನೆಯಾದ ಕಂಪೆನಿಯೇ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡದ್ದು.

ಆದರೆ ಕೂಟಗಳು ಹಲವು. ಒಂದು ಕೂಟದ ಬ್ಯಾಟರಿ ಇನ್ನೊಂದಕ್ಕೆ ಹೊಂದದು. ಟಾರ್ಚಿನ ಸೆಲ್ಲಿಗೆ ಆದಂತೆ ಎಲ್ಲರಿಗೂ ಒಂದೇ ಮಟ್ಟ ಇನ್ನೂ ಬಂದಿಲ್ಲ. ಮೊಬೈಲುಗಳಿಗೆ ಒಂದೇ ಬಗೆಯ ಚಾರ್ಜಿಂಗ್ ಕಿಂಡಿ ಇರಬೇಕೆಂದು ಯುರೋಪಿನ ಒಕ್ಕೂಟ ಕಾಯಿದೆ ಮಾಡಿ 2024ರ ಡಿಸೆಂಬರಿನಿಂದ ಜಾರಿಗೆ ತಂದಿದೆ. ಡ್ರಿಲ್ಲಿನ ಬ್ಯಾಟರಿ ಆ ಕಾಯಿದೆಯ ವ್ಯಾಪ್ತಿಯಲ್ಲಿಲ್ಲ. ನಮ್ಮ ದೇಶದಲ್ಲಿ 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಸತ್ತ ಬ್ಯಾಟರಿಯನ್ನು ಹಿಂದಕ್ಕೆ ಪಡೆಯುವ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಬದುಕಿರುವ ಬ್ಯಾಟರಿಯ ಕಾಲಿಗೂ ಒಂದು ಮಟ್ಟ ಹಾಕಿಸುವುದು ಅಸಾಧ್ಯವೇನಲ್ಲ. ಮೊಬೈಲಿನ ವಿಷಯದಲ್ಲಿ ಆದದ್ದು ಇಲ್ಲಿಯೂ ಆಗಬಹುದು, ಕೇಳುವವರು ಬೇಕು.

ಅಲ್ಲಿಯವರೆಗೆ ಮಾಡಬಹುದಾದದ್ದು ಇಷ್ಟು: ಕೊಳ್ಳುವ ಮುನ್ನ ಬ್ಯಾಟರಿಯ ವಂಶಾವಳಿ ವಿಚಾರಿಸುವುದು, ವಾಟ್-ಗಂಟೆಯಿಂದ ಭಾಗಿಸಿ ನೋಡುವುದು, ಬೇಡದ್ದಕ್ಕೆ ಸೊನ್ನೆ ಬರೆಯುವುದು. ನಿಮ್ಮ ಪರಿಚಯದ ಬಡಗಿಗೂ ಈ ಲೆಕ್ಕವನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟರೆ ನಮ್ಮ ಈ ಲೇಖನದ ಶ್ರಮ ಸಾರ್ಥಕವಾದಂತೆ.